ಕಾಣದುದನ್ನು ತೂಗುವ ವಿದ್ಯೆ

ಅಡಿಕೆಯನ್ನೂ ತೆಂಗನ್ನೂ ಬೆಳೆದು ಮಾರುವ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ತಕ್ಕಡಿಯನ್ನರಿಯದ ಮನೆಯಿಲ್ಲ. ತೂಕ ಹೇಳಿದವನನ್ನು 'ತೂಗಿ ತೋರಿಸು' ಎಂದು ಕೇಳುವುದು ಇಲ್ಲಿಯ ರೈತನ ಸಹಜ ವಿವೇಕ. ಆದರೆ ವಿಜ್ಞಾನದ ತರಗತಿಯಲ್ಲಿ ಅಂಕಿಗಳನ್ನು ಬಾಯಿಪಾಠ ಮಾಡಿಸುತ್ತೇವೆಯೇ ಹೊರತು, ಅವನ್ನು ಅಳೆದ ಬಗೆಯನ್ನು ಕೇಳುವ ಅವಕಾಶವನ್ನು ಮಕ್ಕಳಿಗೆ ಕೊಡುವುದಿಲ್ಲ. ಇದು ನಮ್ಮ ಶಿಕ್ಷಣದ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ.

ಕೃಷ್ಣವಿವರದ ನಿದರ್ಶನವನ್ನೇ ನೋಡೋಣ. ಬೆಳಕೂ ಹೊರಬರಲಾರದ ಆ ಕಾಯವನ್ನು ತೂಗುವುದೆಂತು? ಅದು ಒಂದು ನಕ್ಷತ್ರದೊಡನೆ ಯಮಳವಾಗಿದ್ದರೆ ದಾರಿಯುಂಟು. ಕತ್ತಲೆಯ ಕಣದಲ್ಲಿ ಹಂತಿಯ ಎತ್ತಿನ ಕೊರಳಿಗೆ ಲಾಂದ್ರ ಕಟ್ಟಿದರೆ, ದೀಪ ಸುತ್ತುವುದರಿಂದಲೇ ನಡುವೆ ಮೇಟಿಯಿದೆಯೆಂದು ತಿಳಿಯುತ್ತದೆ. ಆಕಾಶದಲ್ಲಿ ಹಗ್ಗದ ಕೆಲಸವನ್ನು ಗುರುತ್ವಾಕರ್ಷಣೆ ಮಾಡುತ್ತದೆ; ಅಲ್ಲಿ ಮೇಟಿಯೂ ನಿಂತಲ್ಲಿ ನಿಲ್ಲದೆ, ಎರಡು ಕಾಯಗಳೂ ನಡುವಣ ಒಂದು ಬಿಂದುವನ್ನು ಸುತ್ತುತ್ತವೆ. ನಕ್ಷತ್ರ ನಮ್ಮತ್ತ ಬರುವಾಗ ಅದರ ರೋಹಿತದ ಗೆರೆಗಳು ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಈ ಜರುಗುವಿಕೆಯಿಂದ ವೇಗವೂ, ಅದು ಮರುಕಳಿಸುವ ಅವಧಿಯಿಂದ ಪರಿಭ್ರಮಣಕಾಲವೂ ದೊರೆಯುತ್ತವೆ. ಇವೆರಡರಿಂದ ಕಾಣದ ಸಂಗಾತಿಯ ದ್ರವ್ಯರಾಶಿ ಕನಿಷ್ಠ ಇಷ್ಟಿರಲೇಬೇಕೆಂದು ಗಣಿಸಬಹುದು. ನಕ್ಷತ್ರದ ದ್ರವ್ಯರಾಶಿಯೂ ಕಕ್ಷೆಯ ಓರೆಯೂ ತಿಳಿದರೆ ಲೆಕ್ಕ ಪೂರ್ಣವಾಗುತ್ತದೆ. ಅದು ಸೂರ್ಯನ ಸುಮಾರು 3 ಪಟ್ಟನ್ನು ಮೀರಿದರೆ ನ್ಯೂಟ್ರಾನ್ ನಕ್ಷತ್ರವಾಗಿರಲಾರದು.

ರಾಜಹಂಸ ಪುಂಜದ ಸಿಗ್ನಸ್ ಎಕ್ಸ್-1 ಜೋಡಿ 5.6 ದಿನಗಳಿಗೊಮ್ಮೆ ಸುತ್ತು ಮುಗಿಸುತ್ತದೆ. ಅಲ್ಲಿನ ಕೃಷ್ಣವಿವರ ಸೂರ್ಯನ ಸುಮಾರು 15 ಪಟ್ಟೆಂದು 2011ರಲ್ಲಿ ಎಣಿಸಲಾಗಿತ್ತು. 2021ರಲ್ಲಿ ಅದರ ದೂರವನ್ನು ಮರಳಿ ಅಳೆದಾಗ ಹಿಂದಿನದಕ್ಕಿಂತ ಹೆಚ್ಚು, ಸುಮಾರು 7,200 ಜ್ಯೋತಿರ್ವರ್ಷ, ಎಂದು ಕಂಡಿತು; ದೂರ ಹೆಚ್ಚಿದಂತೆ ನಕ್ಷತ್ರದ ನಿಜಕಾಂತಿಯ ಅಂದಾಜೂ ಹೆಚ್ಚಿ, ಕೃಷ್ಣವಿವರದ ಲೆಕ್ಕ 21 ಪಟ್ಟಿಗೇರಿತು. ಚರ್ಚೆ ಇನ್ನೂ ಮುಗಿದಿಲ್ಲ. 'ಹಾಗಾದರೆ ವಿಜ್ಞಾನಿಗಳಿಗೇ ಗೊತ್ತಿಲ್ಲ' ಎಂದು ನಗುವವರುಂಟು. ಆದರೆ 15 ಆಗಲಿ 21 ಆಗಲಿ 3ನ್ನು ಬಹುವಾಗಿ ಮೀರಿದೆ. ಅಂಕಿ ಅಲುಗಿದರೂ ತೀರ್ಮಾನ ಅಲುಗಲಿಲ್ಲ. ತಪ್ಪನ್ನು ತಿದ್ದಿಕೊಳ್ಳುವ ಈ ಪ್ರಾಮಾಣಿಕತೆಯನ್ನಲ್ಲವೆ ನಾವು ಮಕ್ಕಳಿಗೆ ಕಲಿಸಬೇಕಾದುದು?

ಈ ವಿದ್ಯೆ ಪರಕೀಯವಲ್ಲ. ಉಡುಪಿ ಸೀಮೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾಗಿ 1975ರಲ್ಲಿ ಮೇಲೇರಿದ ಆರ್ಯಭಟ ಉಪಗ್ರಹ ಕ್ಷ-ಕಿರಣ ಉಪಕರಣವನ್ನು ಹೊತ್ತಿತ್ತು. 2015ರಲ್ಲಿ ಆಸ್ಟ್ರೋಸ್ಯಾಟ್ ಹೋಯಿತು. 2024ರಲ್ಲಿ ಏರಿದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ಪರೀಕ್ಷೆಗೆ ಬಾರದ ಪಾಠವೇಕೆಂದು ಉಪಾಧ್ಯಾಯ ಬಂಧುಗಳು ಕೇಳಬಹುದು. ಒಂದು ಬಿದಿರುಕೋಲಿನ ತುದಿಗೆ ತೂಕದ ಬಟ್ಟನ್ನೂ ಮತ್ತೊಂದಕ್ಕೆ ಕಲ್ಲಿಟ್ಟು ಕಟ್ಟಿದ ಚೀಲವನ್ನೂ ತೂಗುಹಾಕಿ, ಕೋಲು ಸಮನಾಗಿ ನಿಲ್ಲುವ ಬಿಂದುವನ್ನು ಹುಡುಕಿಸಿರಿ. ಚೀಲ ಬಿಚ್ಚದೆಯೇ ಅದರ ತೂಕ ಹೇಳಿದ ಮಗು ಈ ವಿದ್ಯೆಯ ಮೊದಲ ಮೆಟ್ಟಿಲು ಹತ್ತಿದಂತೆ. ದಾನಿಗಳು ಕಟ್ಟಡಗಳೊಡನೆ ಒಂದು ಚಿಕ್ಕ ದೂರದರ್ಶಕವನ್ನೂ ನೆನೆಯಲಿ. ಹಳೆಯ ವಿದ್ಯಾರ್ಥಿಗಳು ಒಂದು ಇರುಳನ್ನು ಮಕ್ಕಳೊಡನೆ ಕಳೆಯಲಿ. ನಂಬುವ ಮುನ್ನ ತೂಗಿ ನೋಡುವ ಮನಸ್ಸು ಮಕ್ಕಳಲ್ಲಿ ಬೆಳೆದರೆ, ಶಾಲೆ ನಡೆಸಿದ ಶ್ರಮ ಸಾರ್ಥಕ.