ಇರುಳಿನ ಔಷಧಕ್ಕೆ ಹೊಣೆ ಯಾರು?

ರೋಗಿಯ ಹಾಸಿಗೆಯ ಬಳಿ ವೈದ್ಯರನ್ನೂ ದಾದಿಯನ್ನೂ ಕಾಣುತ್ತೇವೆ. ಫಾರ್ಮಸಿಸ್ಟರನ್ನು ಕಾಣುವುದು ಕಿಟಕಿಯಾಚೆ, ಹಣ ಕಟ್ಟುವ ಹೊತ್ತಿನಲ್ಲಿ ಮಾತ್ರ. ಆದ್ದರಿಂದಲೇ ಅವರನ್ನು ಅಂಗಡಿಯವರೆಂದು ಬಗೆದುಬಿಟ್ಟಿದ್ದೇವೆ. ಇದು ಅನ್ಯಾಯ, ಅಪಾಯಕರವೂ ಹೌದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುತ್ತಿರುವ ಅಜ್ಜಿಯೊಬ್ಬರಿಗೆ ಹೊಟ್ಟೆಯ ಸೋಂಕು ತಗಲಿತೆನ್ನಿ. ರಾತ್ರಿ ಮೆಟ್ರೊನಿಡಜೋಲ್ ಬರೆಯಲಾಗುತ್ತದೆ. ಎರಡೂ ಉಪಯುಕ್ತ ಔಷಧಗಳೇ. ಆದರೆ ಎರಡನೆಯದು ಮೊದಲನೆಯದರ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಎಡೆಮಾಡಬಲ್ಲದು. ಇದನ್ನು ಗುರುತಿಸಿ ಎಚ್ಚರಿಸಲು ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟರು ಸಣ್ಣ ಆಸ್ಪತ್ರೆಯಲ್ಲಿದ್ದರೆ, ಸಂಜೆಯೇ ಬೀಗ ಹಾಕಿ ಮನೆಗೆ ಹೋಗಿರುತ್ತಾರೆ.

ಅಮೆರಿಕದ ಉತ್ತರ ಡಕೋಟ ಜನವಿರಳ ರಾಜ್ಯ. ಅಲ್ಲಿನ ಗ್ರಾಮೀಣ ಔಷಧಾಲಯಗಳು ಮುಚ್ಚತೊಡಗಿದಾಗ, ಫಾರ್ಮಸಿಸ್ಟರು ದೂರದಿಂದಲೇ ಮೇಲ್ವಿಚಾರಣೆ ನಡೆಸಲು 2001ರಲ್ಲಿ ನಿಯಮ ರೂಪಿಸಲಾಯಿತು. ಮುಂದೆ ಈ ಸೇವೆ ಸಣ್ಣ ಆಸ್ಪತ್ರೆಗಳಿಗೂ ಹಬ್ಬಿತು. ಕಥೋಲಿಕ ಆಸ್ಪತ್ರೆಗಳ ಒಕ್ಕೂಟವೊಂದು ಫಾರ್ಗೊ ನಗರದಿಂದ ಅದನ್ನು ಒದಗಿಸಿತೆಂಬುದು ನಮ್ಮವರಿಗೆ ಹರ್ಷದ ಸಂಗತಿ. ಇರುಳಿನ ದಾದಿ ವೈದ್ಯರ ಆದೇಶವನ್ನು ಕಂಪ್ಯೂಟರಿನ ಮೂಲಕ ರವಾನಿಸುತ್ತಾಳೆ. ದೂರದ ಫಾರ್ಮಸಿಸ್ಟರು ರೋಗಿಯ ಅಲರ್ಜಿ, ಮೂತ್ರಪಿಂಡದ ಸ್ಥಿತಿ, ಇತರ ಔಷಧಗಳು, ಪ್ರಮಾಣ ಇವೆಲ್ಲವನ್ನೂ ಪರಿಶೀಲಿಸಿ ಒಪ್ಪಿಗೆ ನೀಡುತ್ತಾರೆ. ಯಂತ್ರಚಾಲಿತ ಕಪಾಟಿರುವಲ್ಲಿ, ತುರ್ತು ಸಂದರ್ಭಗಳ ಹೊರತು, ಆಮೇಲಷ್ಟೇ ಅದರ ಖಾನೆ ತೆರೆದುಕೊಳ್ಳುತ್ತದೆ.

ಎದುರಿಗಿಲ್ಲದವರು ಆರೈಕೆ ಮಾಡುವುದೆಂತು ಎಂದು ಕೆಲವರು ಕೇಳಿಯಾರು. ಸಾನ್ನಿಧ್ಯವೆಂದರೇನು ಎಂಬ ಚರ್ಚೆಯಲ್ಲಿ ಗುರುಮಠದ ದಿನಗಳನ್ನು ಕಳೆದ ನನಗೆ ಈ ಪ್ರಶ್ನೆ ಹೊಸದಲ್ಲ. ಪಕ್ಕದಲ್ಲಿದ್ದೂ ಗಮನವಿಡದವರಿಗಿಂತ ದೂರವಿದ್ದು ಗಮನವಿಟ್ಟು ಓದುವವರೇ ರೋಗಿಗೆ ಹತ್ತಿರ. ನನ್ನ ಅಂಜಿಕೆ ಬೇರೆ. ಇರುಳಿಗೆಂದು ಬಂದ ಈ ಸೇವೆಯನ್ನೇ ನೆಪಮಾಡಿಕೊಂಡು ಆಡಳಿತದವರು ಹಗಲಿನ ಫಾರ್ಮಸಿಸ್ಟರನ್ನೂ ಕೈಬಿಟ್ಟರೆ? ದಾದಿಯ ಮುಖದ ಅನುಮಾನ ಪರದೆಯ ಮೇಲೆ ಕಾಣುವುದಿಲ್ಲ. ತಪ್ಪಾದಾಗ ಉತ್ತರ ಕೊಡಬೇಕಾದವರು ಯಾರೆಂಬುದು ಸೇವೆ ಆರಂಭವಾಗುವ ಮುನ್ನವೇ ಹೆಸರು ಸಹಿತ ಲಿಖಿತವಾಗಿರಬೇಕು.

ನಮ್ಮ ದೇಶದ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು, ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟರಿಗೆ ವಹಿಸಿದೆ. 2019ರಲ್ಲಿ ಆರಂಭವಾದ ಇ-ಸಂಜೀವಿನಿಯ ಮೂಲಕ ದೂರದ ವೈದ್ಯರ ಸಲಹೆ ಹಳ್ಳಿಗೆ ತಲಪಿದೆ. ಫಾರ್ಮಸಿಸ್ಟರ ಎಚ್ಚರಿಕೆಯೂ ಅದೇ ದಾರಿಯಲ್ಲಿ, ಇರುಳಿನ ಹೊತ್ತಿಗೆ, ನಮ್ಮ ಚಿಕ್ಕ ಆಸ್ಪತ್ರೆಗಳಿಗೆ ಏಕೆ ಬರಬಾರದು? ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿರುವ ನಮ್ಮ ಜನ ಈ ಪ್ರಶ್ನೆಯನ್ನು ಮುಂದಿನ ಸಭೆಯಲ್ಲೇ ಎತ್ತಲಿ. ಅಲ್ಲಿಯವರೆಗೆ, ಮನೆಯವರನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವಾಗ ಅವರು ಸೇವಿಸುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ದಾದಿಗೆ ತೋರಿಸಿರಿ.