ಹೊಳೆದಂಡೆಯ ತಗ್ಗು ಒಂದು ಹಗೇವು

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಭೀಮೆಯ ದಂಡೆಯ ಮೇಲಿರುವ ರೈತಬಂಧುಗಳಿಗೆ ನಮ್ಮದೊಂದು ವಿನಂತಿ. ಹೊಳೆಸಾಲಿನ ತಗ್ಗುಗಳನ್ನು ಮುಚ್ಚಿ ಕಬ್ಬು ಹಚ್ಚುವ ಮೊದಲು ತುಸು ವಿಚಾರ ಮಾಡಿರಿ.

ಬೇಸಿಗೆಯಲ್ಲಿ ಬಿರುಕುಬಿಟ್ಟು ಒಣಗಿದ ತಗ್ಗು ಹಾಳುಭೂಮಿಯಲ್ಲ, ಅದೊಂದು ಹಗೇವು. ಅದರಲ್ಲಿ ಜೋಳದ ಬದಲು ನೀರಚಿಗಟವೆಂಬ ಪ್ರಾಣಿಯ ತತ್ತಿಗಳಿರುತ್ತವೆ. ಪ್ರಾಣಿಯೇ ಸಾಸಿವೆ ಕಾಳಿನಷ್ಟು. ತತ್ತಿ ಇನ್ನೂ ಸಣ್ಣದು.

ಇದರ ಸಂತಾನಕ್ರಮ ವಿಚಿತ್ರವಾದುದು. ನೀರೂ ಆಹಾರವೂ ಹೇರಳವಾಗಿರುವಾಗ ಹೆಣ್ಣು ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಹಾಕುತ್ತದೆ. ವಾರ ಹತ್ತು ದಿನಗಳಲ್ಲಿ ಆ ಮರಿಗಳೂ ತಾಯಂದಿರಾಗುತ್ತವೆ. ನೀರು ಬತ್ತತೊಡಗಿ ಜಾಗ ಇಕ್ಕಟ್ಟಾದಾಗ ಮಾತ್ರ ಗಂಡುಗಳು ಹುಟ್ಟುತ್ತವೆ. ಆಗ ಗಂಡುಹೆಣ್ಣು ಕೂಡಿ ಆದ ತತ್ತಿಗೆ ಗಟ್ಟಿ ಕವಚವಿರುತ್ತದೆ. ಅದು ಒಣಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ನೀರು ಬಂದಾಗ ಒಡೆಯುತ್ತದೆ. ಎಲ್ಲವೂ ಒಂದೇ ಮಳೆಗೆ ಒಡೆಯುವುದಿಲ್ಲ. ಜಾಣ ಒಕ್ಕಲಿಗನು ಬೀಜವನ್ನೆಲ್ಲ ಒಂದೇ ಹದಕ್ಕೆ ಬಿತ್ತುವನೆ?

ನೆರೆ ಬಂದರೆ ಈ ತತ್ತಿಗಳು ತಗ್ಗಿನಿಂದ ತಗ್ಗಿಗೆ ತೇಲಿಹೋಗುತ್ತವೆ. ನೆರೆಯಿಲ್ಲದಾಗ ಬಾತುಕೋಳಿಯ ಹೊಟ್ಟೆಯಲ್ಲಿಯೂ ಹಕ್ಕಿಗಳ ಕಾಲಿನ ಕೆಸರಿನಲ್ಲಿಯೂ ಪ್ರಯಾಣ ಮಾಡುತ್ತವೆ. ಹೀಗೆ ಹರಡಿ ಹೆಚ್ಚುವ ಜೀವಿಗಳೇ ಕಟ್ಲಾ, ರೋಹು ಮೊದಲಾದ ಮೀನುಮರಿಗಳ ಎಳೆಯ ದಿನಗಳ ಆಹಾರ. ಹಗೇವು ಬರಿದಾದರೆ ಮೀನುಗಾರನ ಬಲೆಯೂ ಹಗುರಾದೀತು.

ನಿಂತ ನೀರು ರೋಗದ ಮನೆಯೆಂದು ಕೆಲವರ ಆಕ್ಷೇಪ. ನೀರಚಿಗಟದ ದೂರದ ನೆಂಟನೊಂದು ನಾರುಹುಣ್ಣು ಹರಡುತ್ತಿದ್ದುದು ನಿಜ. ಆದರೆ ಕುಡಿಯುವ ನೀರನ್ನು ಸೋಸಿ, ಕೊಳವೆಬಾವಿ ಕೊರೆದು, ಮೆಟ್ಟಿಲುಬಾವಿಗಳಿಗೆ ಔಷಧ ಹಾಕಿ ನಮ್ಮ ದೇಶವು ಆ ರೋಗವನ್ನು ನೀಗಿತು. 1996ರ ನಂತರ ಅದು ಇಲ್ಲಿ ಕಂಡಿಲ್ಲ. ರೋಗಕ್ಕೆ ಮದ್ದು ಶುದ್ಧ ನೀರು. ಹೊಳೆಯ ತಗ್ಗು ಮುಚ್ಚುವುದಲ್ಲ.

ಮೇಲೆ ಉಜನಿಯ ಅಣೆಕಟ್ಟು ನೀರನ್ನು ಹಿಡಿದಿಡುತ್ತದೆ. 2020ರ ಅಕ್ಟೋಬರದಲ್ಲಿ ಬಂದಂಥ ನೆರೆ ವರುಷ ವರುಷವೂ ಬರುವುದಿಲ್ಲ, ಬರಲೂ ಬಾರದು. ಆದುದರಿಂದ ಮಣ್ಣಿನಲ್ಲಿ ಕಾದಿರುವ ತತ್ತಿಗಳ ಬೆಲೆ ಈಗ ಇನ್ನಷ್ಟು ಹೆಚ್ಚು.

ನಮ್ಮ ಅಭಿಪ್ರಾಯವಿಷ್ಟೆ: ತಗ್ಗಿನ ಮೇಲ್ಮಣ್ಣನ್ನು ಇಟ್ಟಂಗಿ ಭಟ್ಟಿಗೆ ಮಾರಬೇಡಿರಿ. ಹೊಳೆಯಿಂದ ತಗ್ಗಿಗೆ ನೀರು ಬರುವ ದಾರಿಗೆ ಒಡ್ಡು ಹಾಕಬೇಡಿರಿ. ಔಷಧ ಹೊಡೆದ ಪಂಪನ್ನು ಅಲ್ಲಿ ತೊಳೆಯಬೇಡಿರಿ. ನಂಬಿಕೆ ಬಾರದವರು ತಗ್ಗಿನ ಒಂದು ಹಿಡಿ ಒಣಮಣ್ಣನ್ನು ಗಾಜಿನ ಪಾತ್ರೆಗೆ ಹಾಕಿ, ಮಳೆನೀರು ತುಂಬಿ, ಶಾಲೆಯ ಕಿಟಕಿಯಲ್ಲಿಡಲಿ. ಒಂದೆರಡು ವಾರ ಮಕ್ಕಳೊಡನೆ ನೋಡಲಿ.