ಬಿದ್ದ ಪಿಸ್ತೂಲು, ಎದ್ದ ಪ್ರಶ್ನೆ

ಪಿಸ್ತೂಲಿನಿಂದ ಅದರ ಒಡೆಯ ಬಯಸುವುದು ಎರಡೇ ಗುಣ. ಕುದುರೆ ಎಳೆದಾಗ ಗುಂಡು ಹಾರಲೇಬೇಕು, ಎಳೆಯದಿದ್ದಾಗ ಹಾರಲೇಬಾರದು. ಮೊದಲನೆಯದು ತಪ್ಪಿದರೆ ಆಯುಧ ಕೈಕೊಟ್ಟಿತು ಎಂದು ಗೊಣಗಬಹುದು. ಎರಡನೆಯದು ತಪ್ಪಿದರೆ ಗೊಣಗಲು ಒಡೆಯನೇ ಉಳಿಯದಿರಬಹುದು. ಈ ಎರಡನೆಯ ಗುಣದ ಬಗ್ಗೆ ಅಮೆರಿಕದಲ್ಲಿ 2017ರಲ್ಲಿ ಎದ್ದ ವಿವಾದ, ಯಂತ್ರ ಕೊಳ್ಳುವ ಎಲ್ಲರಿಗೂ ಒಂದು ಪಾಠದಂತಿದೆ.

ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಸಿಗ್ ಸಾವರ್ ಕಂಪನಿ 2014ರಲ್ಲಿ ಪಿ-320 ಎಂಬ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. 2017ರ ಜನವರಿಯಲ್ಲಿ ಅಮೆರಿಕದ ಸೇನೆ ತನ್ನ ಹಳೆಯ ಬೆರೆಟಾ ಪಿಸ್ತೂಲಿನ ಬದಲಿಗೆ ಇದರದೇ ಒಂದು ರೂಪವನ್ನು ಆರಿಸಿಕೊಂಡಿತು. 58 ಕೋಟಿ ಡಾಲರುಗಳವರೆಗಿನ ಗುತ್ತಿಗೆ ಅದು. ಕಂಪನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೆ? ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಕನೆಕ್ಟಿಕಟ್‌ನ ಒಬ್ಬ ಪೊಲೀಸ್ ಅಧಿಕಾರಿ ನ್ಯಾಯಾಲಯದ ಮೆಟ್ಟಿಲೇರಿದರು. ಒರೆಯಲ್ಲಿದ್ದ ಪಿಸ್ತೂಲು ಕೆಳಗೆ ಬಿದ್ದು, ತಾನೇ ಸಿಡಿದು ಕಾಲಿಗೆ ಗುಂಡು ತಗುಲಿತೆಂಬುದು ಅವರ ದೂರು. ಡಲ್ಲಾಸ್ ನಗರದ ಪೊಲೀಸರು ಈ ಪಿಸ್ತೂಲಿನ ಬಳಕೆಯನ್ನೇ ತಡೆಹಿಡಿದರು. ಒಮಾಹಾದ ಒಂದು ಬಂದೂಕಿನ ಅಂಗಡಿಯವರು ಪಿಸ್ತೂಲುಗಳನ್ನು ಬೇಕೆಂದೇ ಬೀಳಿಸಿ ನೋಡಿದರು. ಹಿಂಭಾಗ ಒಂದು ನಿರ್ದಿಷ್ಟ ಓರೆಯಲ್ಲಿ ನೆಲಕ್ಕೆ ಬಡಿದಾಗ ಅದು ನಿಜಕ್ಕೂ ಸಿಡಿಯಿತು.

ಕಾರಣ ತಿಳಿಯಲು ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಓಡುವ ಬಸ್ಸು ಗಕ್ಕನೆ ನಿಂತರೆ ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲವೆ? ಇದೇ ಜಡತ್ವ. ನಾಲ್ಕು ಅಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.9 ಮೀಟರ್. ಹಿಂಭಾಗ ಕೆಳಗಾಗಿ ಬಿದ್ದ ಪಿಸ್ತೂಲು ನೆಲಕ್ಕೆ ತಾಗಿ ನಿಲ್ಲುತ್ತದೆ. ಅದರ ಕುದುರೆ ಮಾತ್ರ ಬಸ್ಸಿನ ಪ್ರಯಾಣಿಕನಂತೆ ಅದೇ ದಿಕ್ಕಿನಲ್ಲಿ ಮುಂದುವರಿಯಲು ನೋಡುತ್ತದೆ. ಆ ದಿಕ್ಕೂ ಬೆರಳು ಕುದುರೆಯನ್ನು ಎಳೆಯುವ ದಿಕ್ಕೂ ಒಂದೇ. ಕುದುರೆ ಭಾರವಾಗಿದ್ದಷ್ಟೂ ಈ ನೂಕು ಹೆಚ್ಚು. ಪಿಸ್ತೂಲಿನೊಳಗೆ ಒಂದು ಕಾವಲು ಕೀಲಿ ಇತ್ತೇನೋ ನಿಜ. ಆದರೆ ಕುದುರೆ ಹಿಂದಕ್ಕೆ ಸರಿದರೆ ತೆರೆದುಕೊಳ್ಳುವಂತೆಯೇ ಅದನ್ನು ಮಾಡಲಾಗಿತ್ತು. ಎಳೆದದ್ದು ಬೆರಳೋ ಜಡತ್ವವೋ ಎಂಬ ವಿವೇಚನೆ ಕೀಲಿಗೆಲ್ಲಿಂದ ಬರಬೇಕು? ಗ್ಲಾಕ್ ಪಿಸ್ತೂಲಿನ ಕುದುರೆಯ ಮೇಲಿರುವ ಪುಟ್ಟ ಸನ್ನೆ ಇಂಥ ಚಲನೆಯನ್ನು ತಡೆಯಲೆಂದೇ ಇರುವುದು.

ಹಾಗಾದರೆ ಕಾರ್ಖಾನೆಯಲ್ಲಿ ಪರೀಕ್ಷೆ ನಡೆದಿರಲಿಲ್ಲವೆ? ನಡೆದಿತ್ತು. ಅಮೆರಿಕದ ಉದ್ಯಮದ ಮಾನಕದ ಪ್ರಕಾರ ಪಿಸ್ತೂಲನ್ನು ನಾಲ್ಕು ಅಡಿಯಿಂದ, ಕಾಂಕ್ರೀಟಿನ ಮೇಲೆ ಹಾಸಿದ ರಬ್ಬರಿನ ಮೇಲೆ, ಆರು ಭಂಗಿಗಳಲ್ಲಿ ಬೀಳಿಸಬೇಕು. ಮೂತಿ ನೇರ ಮೇಲೆ, ನೇರ ಕೆಳಗೆ, ಎಡಕ್ಕೆ, ಬಲಕ್ಕೆ, ಹೀಗೆ. ಅಪಾಯ ಅಡಗಿದ್ದ ಆ ಓರೆ ಈ ಆರರಲ್ಲಿ ಇರಲಿಲ್ಲ. ಕೈಜಾರಿದ ಪಿಸ್ತೂಲು ಮಾನಕ ಓದಿಕೊಂಡು ಬೀಳುವುದಿಲ್ಲ!

2017ರ ಆಗಸ್ಟ್ 8ರಂದು ಕಂಪನಿ ಪ್ರಕಟಣೆ ಹೊರಡಿಸಿತು. ಪಿಸ್ತೂಲು ಎಲ್ಲ ಮಾನಕಗಳಿಗೂ ತಕ್ಕದ್ದಾಗಿದೆ, ಆದರೂ ‘ಸ್ವಯಂಪ್ರೇರಿತ ಉನ್ನತೀಕರಣ’ ಮಾಡಿಕೊಡಲಾಗುವುದು ಎಂಬುದು ಅದರ ಸಾರಾಂಶ. ಒಡೆಯರು ಪಿಸ್ತೂಲನ್ನು ಕಂಪನಿಗೆ ಕಳಿಸಿದರೆ ಹಗುರವಾದ ಕುದುರೆ ಮತ್ತಿತರ ಭಾಗಗಳನ್ನು ಹಾಕಿ, ಒಂದು ಹೊಸ ತಡೆಯನ್ನೂ ಜೋಡಿಸಿ, ಬಿಟ್ಟಿಯಾಗಿ ಹಿಂದಿರುಗಿಸುವ ಏರ್ಪಾಡು. ಸೇನೆಯ ಮಾದರಿಗೆ ಇದು ಬೇಕಿಲ್ಲವೆಂದೂ ಕಂಪನಿ ತಿಳಿಸಿತು. ಏಕೆ ಬೇಕಿಲ್ಲ ಎಂಬುದು 2018ರ ಜನವರಿಯಲ್ಲಿ ಹೊರಬಂದ ರಕ್ಷಣಾ ಇಲಾಖೆಯ ವರದಿಯಿಂದ ತಿಳಿಯಿತು. ಸೇನೆ ಬೀಳಿಸಿ ನೋಡಿದಾಗಲೂ ಅದು ಸಿಡಿದಿತ್ತು. ಕುದುರೆಯ ಭಾಗಗಳನ್ನು ಹಗುರಗೊಳಿಸಿ ಸರಿಪಡಿಸಲಾಗಿತ್ತು. ದೊಡ್ಡ ಗಿರಾಕಿಗೆ ಕಂಪನಿಯೇ ಬದಲಾಯಿಸಿ ಕೊಟ್ಟದ್ದನ್ನು ಬಿಡಿ ಗಿರಾಕಿ ತಾನೇ ಕೇಳಿ ಪಡೆಯಬೇಕಾಯಿತು.

ಸರಕಾರ ಏಕೆ ಕಡ್ಡಾಯವಾಗಿ ಹಿಂದಕ್ಕೆ ತರಿಸಲಿಲ್ಲ? ಅಲ್ಲಿಯ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗಕ್ಕೆ ಆಟಿಕೆ, ಕುರ್ಚಿ, ಬ್ರೆಡ್ ಸುಡುವ ಯಂತ್ರಗಳನ್ನು ಹಿಂಪಡೆಸುವ ಅಧಿಕಾರವುಂಟು. ಆದರೆ 1972ರಲ್ಲಿ ಆಯೋಗವನ್ನು ಹುಟ್ಟುಹಾಕಿದ ಕಾಯಿದೆಯೇ ಬಂದೂಕುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮಗುವಿನ ಆಟದ ಪಿಸ್ತೂಲಿಗೆ ಕೇಳುವವರಿದ್ದಾರೆ, ಅಪ್ಪನ ನಿಜವಾದ ಪಿಸ್ತೂಲಿಗಿಲ್ಲ. ಹೀಗಾಗಿ ಗ್ರಾಹಕನಿಗೆ ಉಳಿಯುವುದು ಎರಡೇ ದಾರಿ: ಕಂಪನಿಯ ಸೌಜನ್ಯ, ಇಲ್ಲವೇ ನ್ಯಾಯಾಲಯ.

ಎರಡನೆಯ ದಾರಿ ಹಿಡಿದವರೂ ಬಹಳ. ಬೀಳದೆಯೂ, ಕುದುರೆ ಎಳೆಯದೆಯೂ ಪಿಸ್ತೂಲು ಸಿಡಿಯಿತೆಂದು ದೂರಿದ ಮೊಕದ್ದಮೆಗಳಲ್ಲಿ, 2024ರ ಜೂನಿನಲ್ಲಿ ಜಾರ್ಜಿಯದ ಜ್ಯೂರಿ ಸುಮಾರು 23 ಲಕ್ಷ ಡಾಲರು, ನವೆಂಬರಿನಲ್ಲಿ ಫಿಲಡೆಲ್ಫಿಯದ ಜ್ಯೂರಿ 1 ಕೋಟಿ 10 ಲಕ್ಷ ಡಾಲರು ಪರಿಹಾರ ವಿಧಿಸಿದವು. ಕುದುರೆ ಎಳೆಯದೆ ಈ ಪಿಸ್ತೂಲು ಹಾರುವುದಿಲ್ಲ ಎಂಬುದು ಕಂಪನಿಯ ವಾದ. 2025ರ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯ, ಹೊರಗಿನ ಸುರಕ್ಷಾ ಕೀಲಿ ಮುಂತಾದವು ಇಲ್ಲವೆಂಬ ಕಾರಣಕ್ಕೆ ಬಂದೂಕು ತಯಾರಕರ ಮೇಲೆ ದಾವೆ ಹೂಡದಂತೆ ಕಾನೂನನ್ನೇ ಮಾಡಿತು.

ಯಂತ್ರದಲ್ಲಿ ದೋಷ ಉಳಿಯುವುದು ಅಪರೂಪವಲ್ಲ. ದೋಷಕ್ಕೆ ದೋಷವೆಂದು ಹೆಸರಿಟ್ಟರೆ ಗಿರಾಕಿ ಅಂದೇ ಅಂಚೆಗೆ ಹಾಕುತ್ತಾನೆ. ‘ಉನ್ನತೀಕರಣ’ ಎಂದರೆ, ಇರುವುದೇ ಚೆನ್ನಾಗಿದೆಯಲ್ಲ ಎಂದುಕೊಂಡು ಮೇಜಿನ ಖಾನೆಯಲ್ಲೇ ಇಟ್ಟುಬಿಡುತ್ತಾನೆ. ಆ ಖಾನೆಯಿಂದ ಅದು ಯಾವಾಗ, ಯಾರ ಕೈಯಿಂದ, ಯಾವ ಓರೆಯಲ್ಲಿ ಜಾರುತ್ತದೆಂದು ಬಲ್ಲವರಾರು?